ಮೊದಲು ತೆರೆಯುವುದು ಯಾವುದು

ಮಗಳೇ,

ನಿನ್ನ ಕಂಪ್ಯೂಟರನ್ನು ಇವತ್ತು ರಿಪೇರಿಯವನ ಕೈಗೆ ಕೊಟ್ಟೆ. ನೀನು ಕಣ್ಮುಚ್ಚಿದ ಮೇಲೆ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಆದರೆ ನಿನ್ನ ತಂಗಿಯ ಓದಿಗೆ ಬೇರೆಯದೇ ಆಪರೇಟಿಂಗ್ ಸಿಸ್ಟಂ ಬೇಕಂತೆ.

"ಹಳೇದು ಅಳಿಸ್ಬೇಡಪ್ಪಾ," ಎಂದೆ.

"ಇಲ್ಲಮ್ಮಾ, ಅದರ ಪಕ್ಕದಲ್ಲೇ ಜಾಗ ಮಾಡಿ ಹೊಸದು ಹಾಕ್ತೀನಿ. ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ. ಯಾರೂ ಏನೂ ಒತ್ತದೆ ಹೋದ್ರೆ ಯಾವುದು ತೆರೀಲಿ?"

ತಂಗಿ ತಲೆ ತಗ್ಗಿಸಿಕೊಂಡು, "ಅಕ್ಕಂದೇ ಇರ್ಲಿ ಬಿಡಿ, ಅವಳ ಹಿಂದೆ ನಿಲ್ಲೋದು ನಂಗೆ ಅಭ್ಯಾಸ ಆಗಿದೆ," ಎಂದಳು.

ಆ ಮಾತು ಎದೆಗೆ ನಾಟಿತು. "ಬೇಡ, ಇವಳದೇ ಮೊದಲು ತೆರೀಲಿ," ಎಂದೆ.

ಅವಳು ಎಷ್ಟೋ ದಿನಗಳ ಮೇಲೆ ನನ್ನ ಭುಜಕ್ಕೊರಗಿ ಅತ್ತಳು.

ನಿನ್ನದೂ ಹಾಗೇ ಇದೆ, ಕಂದಾ. ಒಂದು ಗುಂಡಿ ಒತ್ತಿದರೆ ಸಾಕು. ಕೈ ಮಾತ್ರ ಮುಂದಾಗುತ್ತಿಲ್ಲ.