ಪಿಂಚಣಿ ಫಾರಂನಲ್ಲಿದ್ದ ಹೆಸರು

ಮಾರ್ಚ್ ೧೨, ಗುರುವಾರ. ಹ್ಯಾಲಿಫ್ಯಾಕ್ಸ್.

ನಾನು ಈಡಿತ್ ಹೋಲ್ರಾಯ್ಡ್, ಈ ಮನೆಯಲ್ಲಿ ಕೊನೆಯ ಮಾತು ನನ್ನದೇ. ಅಂಥ ನಾನೇ ತಪ್ಪಿದ್ದೆ. ನಾನು ಸತ್ತರೆ ನನ್ನ ಖಾಸಗಿ ಪಿಂಚಣಿಯ ಹಣ ಉಯಿಲಿನಂತೆ ಮಗ ನೆವಿಲ್‌ಗೆ ಸೇರುತ್ತದೆಂದು ನಂಬಿದ್ದೆ.

"ಪಿಂಚಣಿಯವರು ಉಯಿಲು ನೋಡಲ್ಲ, ಹಣ ಯಾರಿಗೆ ಅಂತ ನೀವು ಬರೆದುಕೊಟ್ಟ ಫಾರಂ ನೋಡ್ತಾರೆ," ಎಂದರು ಕಳೆದ ತಿಂಗಳು ನಾನು ಕಂಡ ವಕೀಲೆ. ಅದರಲ್ಲಿ ಇನ್ನೂ ಡೆನಿಸ್‌ನ ಹೆಸರಿತ್ತು, ಮೂವತ್ತು ವರ್ಷದ ಹಿಂದೆ ನನ್ನನ್ನು ಬಿಟ್ಟುಹೋದ ಗಂಡ.

ನೆವಿಲ್ ಕೈಗೆ ಇಡಿಗಂಟು ಸಿಕ್ಕರೆ ಕುದುರೆ ಜೂಜಿನ ಪಾಲು. ಟ್ರಸ್ಟ್ ಮಾಡಿ ತಿಂಗಳು ತಿಂಗಳು ಕೊಡಿಸುತ್ತೇನೆ ಎಂದು ಮನೆಗೆ ಬಂದು ಅವನಿಗೇ ಹೇಳಿದೆ. ಮುನಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಚಹಾ ಕಲಕುತ್ತ, "ಹಾಗೇ ಮಾಡಮ್ಮ. ಸೂಸನ್‌ಳನ್ನೇ ಟ್ರಸ್ಟಿ ಮಾಡು. ನಾನು ಗೋಗರೆದ್ರೂ ಕೊಡಬಾರ್ದು," ಎಂದ.

"ನಿನ್ನ ಹೆಂಡ್ತಿ ನನಗಿಂತ ಬಿಗಿ ಕಣೋ."

"ಅದಕ್ಕೇ ಹೇಳಿದ್ದು."

ನಲವತ್ತೆಂಟಕ್ಕೆ ಬುದ್ಧಿ ಬಂತು. ಬಂತಲ್ಲ, ಸಾಕು.

ವಕೀಲೆ ಸಿದ್ಧಮಾಡಿದ ಟ್ರಸ್ಟ್ ಪತ್ರಕ್ಕೆ ಇಂದು ಸಹಿ ಹಾಕಿ, ಟ್ರಸ್ಟಿನ ಹೆಸರಿರುವ ಹೊಸ ಫಾರಂ ಸಂಜೆ ನಾನೇ ಅಂಚೆಗೆ ಹಾಕಿದೆ. ಡಬ್ಬಿಯ ಬಾಯಿಗೆ ಕೈ ತೂರಿಸಿ, ಒಳಗೆ ಬಿದ್ದಿದೆಯೆಂದು ಖಚಿತ ಮಾಡಿಕೊಂಡೇ ಬಂದೆ.