ಬಾಕಿ ಉಳಿದ ಎಡಗೆನ್ನೆ

ಮಾನ್ಯ ಅರ್ಹತಾ ಪರಿಶೀಲನಾಧಿಕಾರಿಗಳೇ,

ಕಳೆದ ಶುಕ್ರವಾರ ತಮ್ಮ ಮುಖದ ಬಲಭಾಗವನ್ನು ನುಣ್ಣಗೆ ಬೋಳಿಸಿ, ಎಡಭಾಗವನ್ನು ನೊರೆಯ ಸಮೇತ ಹಾಗೇ ಬಿಟ್ಟು, ಕತ್ತಿ ಮಡಚಿಟ್ಟ ಕ್ಷೌರಿಕ ನಾನೇ. ಅದು ಕೈತಪ್ಪಿ ಆದದ್ದಲ್ಲ. ಕರೆಂಟು ಹೋಗಿರಲಿಲ್ಲ, ನೀರು ಖಾಲಿಯಾಗಿರಲಿಲ್ಲ, ನನಗೆ ತಲೆಯೂ ಕೆಟ್ಟಿರಲಿಲ್ಲ. ಬೇಕೆಂದೇ ಮಾಡಿದೆ. ಕ್ಷಮೆ ಕೇಳಲು ಈ ಪತ್ರ ಬರೆಯುತ್ತಿದ್ದೇನೆಂದು ತಾವು ಭಾವಿಸಿದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಅರ್ಧಕ್ಕೆ ನಿಲ್ಲಿಸುವುದು ತಮ್ಮ ಕಚೇರಿಗೆ ಹೊಸದೇನಲ್ಲವಲ್ಲ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಷಟರ್ ಎತ್ತುವ ಮೊದಲೇ ತಮ್ಮ ಕಟ್ಟಡದ ಪರವಾನಗಿ ವಿಭಾಗದ ಜವಾನ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನೋಟಿಸು. ಗ್ರಾಹಕರೊಬ್ಬರ ಜೊತೆ ಅನುಚಿತವಾಗಿ ವರ್ತಿಸಿದ್ದೀರಿ, ಅಂಗಡಿಯ ನೈರ್ಮಲ್ಯದ ಬಗ್ಗೆಯೂ ಅನುಮಾನವಿದೆ, ಪರವಾನಗಿಯನ್ನು ಯಾಕೆ ರದ್ದು ಮಾಡಬಾರದು ಎಂಬುದಕ್ಕೆ ವಿವರಣೆ ಕೊಡಿ ಅಂತ. ಸಹಿಯಿತ್ತು, ಮೊಹರಿತ್ತು, ಶಾಯಿ ಇನ್ನೂ ಹಸಿಯಾಗಿತ್ತು. ಓದಿ ನನಗೆ ಭಯವಾಗಲಿಲ್ಲ ಸ್ವಾಮಿ, ಖುಷಿಯಾಯಿತು. ಇಷ್ಟು ದಿನ ನಾನು ಆ ಕಟ್ಟಡದಲ್ಲಿ ಯಾರಿಗೂ ಕಾಲಿಲ್ಲ, ಪೆನ್ನಿಗೆ ಶಾಯಿಯಿಲ್ಲ, ಒಂದು ಮಹಡಿಯ ಕಾಗದ ಇನ್ನೊಂದು ಮಹಡಿಗೆ ಇಳಿಯಬೇಕಾದರೆ ಋತುಗಳು ಬದಲಾಗಬೇಕು ಅಂತ ನಂಬಿಕೊಂಡಿದ್ದೆ. ಒಂದು ಕೆನ್ನೆಯ ಕ್ಷೌರ ಬಾಕಿ ಉಳಿದದ್ದೇ ತಡ, ಇಡೀ ಕಟ್ಟಡ ಎದ್ದು ಓಡಿತು. ಓಡಲು ಬರುತ್ತದೆ ಅಂತಾಯಿತು. ಹಾಗಾದರೆ ನನ್ನ ಅಣ್ಣನ ವಿಷಯದಲ್ಲಿ ಮಾತ್ರ ಯಾಕೆ ಕೂತಿದ್ದಿರಿ? ಕೇಳಿದ ವಿವರಣೆಯನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೊಡುತ್ತಿದ್ದೇನೆ, ಯಾಕೆಂದರೆ ತಮ್ಮ ಕಟ್ಟಡದೊಳಕ್ಕೆ ಕಳಿಸಿದ ಕಾಗದಗಳು ಎಲ್ಲಿಗೆ ಹೋಗುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ತಮಗೆ ನನ್ನ ಅಣ್ಣನ ನೆನಪಿರಲಿಕ್ಕಿಲ್ಲ. ನಮ್ಮ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ಅವನು ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವನಲ್ಲ. ಈ ಬೀದಿಯಲ್ಲಿ ಕತ್ತರಿ ಹಿಡಿದ ಬಹುತೇಕರಿಗೆ ಅದನ್ನು ಹಿಡಿಯಲು ಕಲಿಸಿದವನು, ನನಗೂ ಸೇರಿ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನೂ ಅವನೇ. ಶೋಕಿಯ ಮನುಷ್ಯ. ಗಡ್ಡ ಬಿಟ್ಟುಕೊಂಡು ಅಂಗಡಿ ತೆರೆಯುವುದು ಊಟದ ಎಂಜಲು ಮೆತ್ತಿಕೊಂಡು ಬೀದಿಗೆ ಬಂದ ಹಾಗೆ ಅನ್ನುತ್ತಿದ್ದ. ಜ್ವರವಿದ್ದರೂ ಮೊದಲು ಕನ್ನಡಿ, ಆಮೇಲೆ ಮಾತ್ರೆ. ಅಂಥವನ ಎರಡೂ ಕೈಗಳಿಗೆ ನರದ ಕಾಯಿಲೆ ಹತ್ತಿತು. ಮೊದಲು ಸಣ್ಣ ನಡುಕ, ಆಮೇಲೆ ಬೆರಳುಗಳಲ್ಲಿ ಹಿಡಿತವೇ ಹೋಯಿತು. ಒಂದು ದಿನ ಗ್ರಾಹಕರೊಬ್ಬರ ಕಿವಿಯ ಹತ್ತಿರ ಅವನ ಕತ್ತಿ ಅಲುಗಿದ್ದನ್ನು ಅವನೇ ನೋಡಿದ. ಯಾರಿಗೂ ಗಾಯವಾಗಲಿಲ್ಲ. ಕತ್ತಿಯನ್ನು ತೊಳೆದು ಒರೆಸಿ ನನ್ನ ಕೈಗೆ ಕೊಟ್ಟು ಮನೆಗೆ ಹೋದವನು ಮತ್ತೆ ಆ ಕುರ್ಚಿಯ ಹಿಂದೆ ನಿಲ್ಲಲಿಲ್ಲ.

ಈಗ ಅವನಿಗೆ ಲೋಟ ಎತ್ತಲಾಗುವುದಿಲ್ಲ, ಗುಂಡಿ ಬಿಚ್ಚಲಾಗುವುದಿಲ್ಲ. ಅತ್ತಿಗೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ನಾನು ಅಂಗಡಿ ಮುಚ್ಚಿದರೆ ಎರಡೂ ಮನೆಯ ಒಲೆ ಆರುತ್ತದೆ. ಹಗಲೆಲ್ಲ ಅಣ್ಣ ಒಬ್ಬನೇ. ತಮ್ಮ ಕಚೇರಿ ಕೊಡುವ ಭತ್ಯೆಯನ್ನು ಆರೈಕೆ ಭತ್ಯೆ ಅನ್ನುತ್ತಾರಲ್ಲವೇ? ಅದು ಸಿಕ್ಕರೆ ಅತ್ತಿಗೆ ಅರ್ಧ ದಿನದ ಕೆಲಸಕ್ಕೆ ಬದಲಾಯಿಸಿಕೊಂಡು ಮಧ್ಯಾಹ್ನದಿಂದ ಅವನ ಜೊತೆಗಿರಬಹುದು, ಬೆಳಗಿನ ಹೊತ್ತಿಗೆ ಯಾರನ್ನಾದರೂ ಗೊತ್ತುಮಾಡಬಹುದು. ನಮ್ಮ ದುರಾಸೆ ಇಷ್ಟೇ. ಸಿಗದೇ ಇರುವುದರಿಂದ ಅಣ್ಣ ತನ್ನದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾನೆ. ಬೆಳಿಗ್ಗೆಯ ಒಂದು ಲೋಟ ಚಹಾ ಬಿಟ್ಟರೆ ಸಂಜೆಯವರೆಗೆ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಲೋಟಕ್ಕೆ ನಳಿಕೆ ಹಾಕಿಟ್ಟು ಬಾಯಿಯ ಮಟ್ಟಕ್ಕೇ ಇಟ್ಟುಹೋದರೂ ಮುಟ್ಟುವುದಿಲ್ಲ. ಯಾಕೆ ಅಂತ ಅತ್ತಿಗೆ ಜಗಳ ಮಾಡಿ ಕೇಳಿದ್ದಕ್ಕೆ ಗೋಡೆ ಕಡೆ ತಿರುಗಿಕೊಂಡು ಹೇಳಿದ, "ಕುಡಿದರೆ ಹೋಗಬೇಕಾಗತ್ತೆ. ಹೋದರೆ ಬಿಚ್ಚೋರು ಯಾರು?" ಈಗ ಮೂತ್ರಕೋಶಕ್ಕೂ ತೊಂದರೆ ಶುರುವಾಗಿದೆ ಎಂದು ವೈದ್ಯರು ಬೈದು ಕಳಿಸಿದ್ದಾರೆ. ನನ್ನ ಅಣ್ಣ ಬಾಯಾರಿಕೆ ಸಹಿಸಿಕೊಂಡು ಮಾನ ಉಳಿಸಿಕೊಳ್ಳುತ್ತಿದ್ದಾನೆ. ತಾವು ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಅವನ ಕಡತವನ್ನು ಕೂರಿಸಿದ್ದೀರಿ.

ತಮ್ಮ ಪರಿಶೀಲನೆಯ ದಿನದ ಕಥೆ ಹೇಳಬೇಕು. ದೊಡ್ಡವರ ಮುಂದೆ ಹೋಗುವಾಗ ಮನುಷ್ಯರ ಹಾಗೆ ಹೋಗಬೇಕು ಎಂಬುದು ಅಣ್ಣನ ಹಟ. ಅವತ್ತು ಬೆಳಿಗ್ಗೆ ನಾನೇ ಅವನ ಮನೆಗೆ ಹೋಗಿ ಗಡ್ಡ ತೆಗೆದೆ, ಮೀಸೆ ಸಮ ಮಾಡಿದೆ, ಕಿವಿಯ ಪಕ್ಕದ ಕೂದಲನ್ನು ಅವನು ಹೇಳಿದ ಕಡೆಗೆ ಹೇಳಿದಷ್ಟೇ ಇಳಿಸಿದೆ. ಅತ್ತಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಕತ್ತಿನವರೆಗೂ ಗುಂಡಿ ಹಾಕಿದಳು. ಕನ್ನಡಿಯಲ್ಲಿ ನೋಡಿಕೊಂಡು, "ಪರವಾಗಿಲ್ಲ, ಕೆಲಸ ಕಲಿತಿದ್ದೀಯ" ಅಂದ. ನಾನು ಅಂಗಡಿಗೆ ಹೋದೆ, ಅವನ ಜೊತೆ ಬಂದವಳು ಅತ್ತಿಗೆ, ಮುಂದಿನದು ಅವಳು ಹೇಳಿದ್ದು. ತಮ್ಮೆದುರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನಡುಕ ಶುರುವಾದಾಗಿನಿಂದ ಅವನು ಕೂರುವುದೇ ಹಾಗೆ, ಎದುರಿಗಿದ್ದವರಿಗೆ ಮುಜುಗರವಾಗಬಾರದು ಅಂತ. ಕೈ ಹೊರಗೆ ತೆಗೆಯಿರಿ ಅಂತ ತಾವು ಹೇಳಲಿಲ್ಲ. ನರರೋಗ ವೈದ್ಯರ ಪತ್ರವನ್ನು ಬಿಡಿಸಲಿಲ್ಲ. ಅತ್ತಿಗೆ ಬಾಯಿ ತೆಗೆದರೆ, "ನೀವು ಮಾತಾಡಬೇಡಿ, ಅವರೇ ಹೇಳಲಿ" ಅಂದಿರಿ. ಅಣ್ಣನನ್ನು ಹೇಗಿದ್ದೀರಿ ಅಂತ ಕೇಳಿದಿರಿ. ಚೆನ್ನಾಗಿದ್ದೀನಿ ಸಾರ್ ಅಂದ. ಹಾಗೆ ಕೇಳಿದರೆ ಯಾರಾದರೂ ಅನ್ನುವುದು ಅದನ್ನೇ. ಆಮೇಲೆ ವರದಿ ಬಂತು. ಅರ್ಜಿದಾರರು ನುಣ್ಣಗೆ ಕ್ಷೌರ ಮಾಡಿಕೊಂಡು, ಎಲ್ಲ ಗುಂಡಿಗಳನ್ನೂ ಸರಿಯಾಗಿ ಹಾಕಿಕೊಂಡು ಹಾಜರಾಗಿದ್ದು, ಕೈಗಳ ಸೂಕ್ಷ್ಮ ಚಲನೆಯಲ್ಲಿ ಗಣನೀಯ ತೊಂದರೆ ಕಂಡುಬಂದಿಲ್ಲವಾದ್ದರಿಂದ, ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ನೆರವು ಅಗತ್ಯವಿಲ್ಲ. ಅರ್ಜಿ ತಿರಸ್ಕೃತ!

ಆ ಕ್ಷೌರ ನನ್ನದು ಸ್ವಾಮಿ. ಆ ಗುಂಡಿಗಳು ಅತ್ತಿಗೆಯವು. ನಾವಿಬ್ಬರೂ ಪ್ರೀತಿಯಿಂದ ಮಾಡಿದ ಕೆಲಸವನ್ನು ತಾವು ಅವನ ವಿರುದ್ಧದ ಸಾಕ್ಷಿಯಾಗಿ ಬರೆದುಕೊಂಡಿರಿ. ಹೊಟ್ಟೆ ಉರಿಯುವುದು ಅಲ್ಲಿ.

ಮರುಪರಿಶೀಲನೆಗೆ ಅರ್ಜಿ ಹಾಕಿದೆವು. ಅಂದಿನಿಂದ ಅತ್ತಿಗೆ ತಮ್ಮ ಕಿಟಕಿಗೆ ಎಡತಾಕಿ ಚಪ್ಪಲಿ ಸವೆಸಿದ್ದಾಳೆ. ಕಿಟಕಿಯೊಳಗಿನ ಹೆಂಗಸು ಕೆಟ್ಟವಳಲ್ಲ, ಅವಳಿಗೂ ಸುಸ್ತಾಗಿದೆ. "ಅದು ಮೇಲೆ ಹೋಗಿದೆ ಕಣಮ್ಮ" ಅನ್ನುತ್ತಾಳೆ. "ಮೇಲೆ ಅಂದ್ರೆ ಯಾರ ಹತ್ರ?" ಅಂದರೆ, "ಮೇಲೆ ಅಂದ್ರೆ ಮೇಲೆ. ಪರಿಶೀಲನೆಯಲ್ಲಿದೆ. ಫೋನ್ ಮಾಡಿ ವಿಚಾರಿಸ್ತಾ ಇರಿ." ಫೋನ್ ಮಾಡಿದರೆ ಯಂತ್ರದ ಹೆಣ್ಣುದನಿ ನಮ್ಮ ತಾಳ್ಮೆಗೆ ಧನ್ಯವಾದ ಹೇಳಿ ಕೊಳಲು ಊದಿಸುತ್ತದೆ. ನಾನು ಗ್ರಾಹಕರ ತಲೆಗೆ ಎಣ್ಣೆ ಹಚ್ಚುತ್ತ ಆ ಕೊಳಲು ಕೇಳಿ ಕೇಳಿ, ಅದು ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆ ಎಂಬುದು ನನ್ನ ಅಂಗಡಿಗೆ ಬರುವವರಿಗೂ ಬಾಯಿಪಾಠವಾಗಿದೆ. ಇಷ್ಟರ ಮಧ್ಯೆ ಅಣ್ಣ ಗಡ್ಡ ಬಿಟ್ಟ. ನಾನು ಕತ್ತಿ ತೆಗೆದುಕೊಂಡು ಹೋದರೆ ಮುಖ ತಿರುಗಿಸುತ್ತಾನೆ. "ಬೇಡ ಕಣೋ. ಮುಂದಿನ ಸಲ ಅವರಿಗೆ ಬೇಕಾದ ಹಾಗೇ ಹೋಗ್ತೀನಿ" ಅನ್ನುತ್ತಾನೆ. ಆ ಮುಂದಿನ ಸಲಕ್ಕೆ ತಾರೀಖೇ ಗೊತ್ತಾಗಿಲ್ಲ. ಗಡ್ಡ ಎದೆಗೆ ಬಂದಿದೆ. ಮನೆಯ ಕನ್ನಡಿಗೆ ಅತ್ತಿಗೆ ಟವೆಲು ಹೊದಿಸಿದ್ದಾಳೆ, ಅವನೇ ಹೇಳಿ ಹೊದಿಸಿದ್ದು.

ಇಂಥ ದಿನಗಳಲ್ಲಿ ಕಳೆದ ಶುಕ್ರವಾರ ತಾವು ಬಂದಿರಿ. ಮೊದಲ ಸಲ ಬಂದಿದ್ದಿರಿ, ನನಗೆ ಗುರುತಿರಲಿಲ್ಲ. ಕತ್ತಿನಲ್ಲಿದ್ದ ಗುರುತಿನ ಚೀಟಿಯನ್ನು ಬಿಚ್ಚಿ ಕನ್ನಡಿಯ ಕೆಳಗೆ ಇಟ್ಟು, "ಬೇಗ ಮಾಡಪ್ಪ, ಮೇಲಿನವರು ತಪಾಸಣೆಗೆ ಬರ್ತಿದ್ದಾರೆ, ಚೆನ್ನಾಗಿ ಕಾಣಬೇಕು" ಅಂದಿರಿ. ಬಲಗೆನ್ನೆ ಮುಗಿಸಿ ಕತ್ತಿ ಒರೆಸುವಾಗ ಚೀಟಿಯ ಮೇಲೆ ಕಣ್ಣು ಬಿತ್ತು. ವರದಿಯ ಕೆಳಗಿದ್ದ ಹೆಸರು. ಆ ಹೆಸರನ್ನು ನಾನು ದಿನಾ ಮಲಗುವ ಮುಂಚೆ ಬೈದು ಮಲಗುವವನು. ಆಗ ತಾವು ಕಣ್ಣು ಮುಚ್ಚಿಕೊಂಡು ಗಂಟಲು ಮೇಲೆತ್ತಿ ಒರಗಿದ್ದಿರಿ. ನನ್ನ ತಲೆಗೆ ಏನೂ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅಣ್ಣ ನನಗೆ ಕಲಿಸಿದ ಮೊದಲ ಮಾತು, ಕುರ್ಚಿಯಲ್ಲಿ ಕೂತವನು ನಮ್ಮನ್ನು ನಂಬಿ ಗಂಟಲು ಕೊಟ್ಟಿರುತ್ತಾನೆ ಎಂಬುದು. ತಾವು ಅವತ್ತು ಕೂದಲೂ ಕೊಂಕದೆ ಎದ್ದುಹೋದದ್ದು ತಾವು ತಿರಸ್ಕರಿಸಿದ ಮನುಷ್ಯನ ಪಾಠದಿಂದ. ಕತ್ತಿ ಮಡಚಿ ಜೇಬಿಗೆ ಹಾಕಿಕೊಂಡೆ.

"ಯಾಕಪ್ಪ ನಿಲ್ಲಿಸಿದೆ?" ಅಂದಿರಿ.

"ಉಳಿದರ್ಧ ಪರಿಶೀಲನೆಯಲ್ಲಿದೆ ಸಾರ್."

"ಏನ್ ತಮಾಷೆನಾ? ನಂಗೆ ಟೈಮಿಲ್ಲ!"

"ಸರದಿ ಪ್ರಕಾರ ಆಗತ್ತೆ ಸಾರ್. ಫೋನ್ ಮಾಡಿ ವಿಚಾರಿಸ್ತಾ ಇರಿ. ನಿಮ್ಮ ತಾಳ್ಮೆಗೆ ಧನ್ಯವಾದ."

ತಾವು ಟವೆಲು ಕಿತ್ತೆಸೆದು ಹೋದಿರಿ. ಎದುರಿನ ಅಂಗಡಿಯವನು ಅಣ್ಣನ ಶಿಷ್ಯ. ಇವರೇ ಅವರು ಅಂತ ನಾನು ಬಾಗಿಲಿಂದಲೇ ಕೈಸನ್ನೆ ಮಾಡಿದ್ದೆ, ಅವನಿಗೆ ಅಷ್ಟೇ ಸಾಕಾಯಿತು, ಸುದ್ದಿ ಸಾಲಿನ ಅಂಗಡಿಗಳಿಗೆಲ್ಲ ದಾಟಿತು. "ನಮ್ಮಲ್ಲಿ ಬಲಗೆನ್ನೆ ಮಾತ್ರ ಮಾಡೋದು ಸಾರ್, ಎಡಗೆನ್ನೆಗೆ ಬೇರೆ ವಿಭಾಗ" ಅಂದನಂತೆ. ಅದರ ಪಕ್ಕದವನು ಮೂಲ ದಾಖಲೆ ಕೇಳಿದನಂತೆ. ಮೂಲೆಯ ಅಂಗಡಿಯವನು ಒಳಗೆ ಕೂತೇ ಊಟದ ಸಮಯ ಅಂತ ಬೋರ್ಡು ತಿರುಗಿಸಿದನಂತೆ. ಕೊನೆಗೆ ತಾವು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು, ಹಲ್ಲುನೋವು ಅಂತ ಹೇಳಿ ಮೇಲಿನವರ ಮುಂದೆ ನಿಂತಿರಂತೆ. ಕಿಟಕಿಯ ಹೆಂಗಸೇ ಅತ್ತಿಗೆಗೆ ಹೇಳಿದ್ದು, ನಕ್ಕು ನಕ್ಕು ಕಣ್ಣೊರೆಸಿಕೊಂಡು. ನನಗೆ ಆವತ್ತು ಬಹಳ ದಿನಗಳ ನಂತರ ಒಳ್ಳೆಯ ನಿದ್ದೆ ಬಂತು.

ಈಗ ತಮ್ಮದೇ ತರ್ಕದಲ್ಲಿ ಒಂದು ಪ್ರಶ್ನೆ. ನುಣ್ಣಗಿನ ಮುಖ ಅಂದರೆ ಸರಿಯಾದ ಕೈಗಳು ಎಂದು ತಾವು ವರದಿ ಬರೆದವರು. ಹಾಗಾದರೆ ಅರ್ಧ ನುಣ್ಣಗಿರುವ ಮುಖ ಅಂದರೆ ಏನು? ಒಂದೇ ಕೈ ಸರಿಯಿದೆ ಅಂತಲ್ಲವೇ? ಅವತ್ತು ಮೇಲಿನವರ ಮುಂದೆ ತಾವು ಶೇಕಡಾ ಐವತ್ತು ಅಂಗವಿಕಲರಾಗಿ ನಿಂತಿದ್ದಿರಿ. ಭತ್ಯೆಗೆ ಅರ್ಜಿ ಹಾಕಿ ಸ್ವಾಮಿ, ಯಾಕೆ ಸಂಕೋಚ? ಎಡಗಡೆಯ ಕಿಟಕಿ, ಬೆಳಿಗ್ಗೆ ಬೇಗ ಹೋಗಿ, ಕುಡಿಯಲು ನೀರು ತೆಗೆದುಕೊಂಡು ಹೋಗಿ, ಅಲ್ಲಿನ ನಲ್ಲಿ ಕೆಟ್ಟಿದೆ. ತಾವು ಮೇಲಿನವರ ಮುಂದೆ ಚೆನ್ನಾಗಿ ಕಾಣಬೇಕೆಂದು ಬಂದಿರಿ, ನನ್ನ ಅಣ್ಣ ತಮ್ಮ ಮುಂದೆ ಚೆನ್ನಾಗಿ ಕಾಣಬೇಕೆಂದು ಬಂದ. ತಮ್ಮ ಕ್ಷೌರ ನೋಡಿ ಯಾರೂ ತಮ್ಮ ಕೈಗಳ ಬಗ್ಗೆ ತೀರ್ಪು ಬರೆಯಲಿಲ್ಲ.

ಅಣ್ಣನಿಗೆ ವಿಷಯ ಹೇಳಿದೆ. "ಯಾವ ಕಡೆ ಬಿಟ್ಟೆ?" ಅಂದ. ಎಡಗಡೆ ಅಂದೆ. ಗಡ್ಡವೆಲ್ಲ ಅಲುಗುವಂತೆ ನಕ್ಕ, ಕೆಮ್ಮು ಬರುವವರೆಗೂ ನಕ್ಕ. ಆಮೇಲೆ ಮುಖ ಗಂಟಿಕ್ಕಿಕೊಂಡು ಅಂದ, "ಆದರೂ ಕುರ್ಚಿಯಿಂದ ಅರ್ಧಕ್ಕೆ ಎಬ್ಬಿಸಬಾರದಾಗಿತ್ತು ಕಣೋ. ಕರೆದು ಮುಗಿಸಿ ಕಳಿಸು." ಅವನು ದೊಡ್ಡವನು. ನಾನು ಅಷ್ಟು ದೊಡ್ಡವನಲ್ಲ. ಅಣ್ಣನ ಮಾತು ಮೀರುತ್ತಿರುವುದು ಇದೇ ಮೊದಲು.

ಪರವಾನಗಿ ಬೇಕಾದರೆ ರದ್ದು ಮಾಡಿ. ಆದರೆ ಅದನ್ನು ರದ್ದು ಮಾಡುವ ಅದೇ ಪೆನ್ನಿನಿಂದ, ಅದೇ ವೇಗದಲ್ಲಿ, ಅಣ್ಣನ ಮರುಪರಿಶೀಲನೆಗೆ ಒಂದು ತಾರೀಖು ಬರೆಯಿರಿ. ಅದೊಂದೇ ನನ್ನ ಬೇಡಿಕೆ. ಆ ದಿನ ನಾನು ಅವನನ್ನು ತಮ್ಮ ವರದಿಗೆ ಒಪ್ಪುವ ಹಾಗೆ ಕರೆತರುತ್ತೇನೆ. ಎದೆಯವರೆಗಿನ ಗಡ್ಡದಲ್ಲಿ, ಗುಂಡಿ ಹಾಕದ ಅಂಗಿಯಲ್ಲಿ. ಅವತ್ತು ಬೆಳಿಗ್ಗೆ ಅವನಿಗೆ ಹೊಟ್ಟೆ ತುಂಬ ನೀರು ಕುಡಿಸಿರುತ್ತೇನೆ. ತಮ್ಮೆದುರಿನ ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಹಾಕಿಕೊಂಡು, ನಾನೂ ಅತ್ತಿಗೆಯೂ ಬೀದಿಯ ಕೊನೆಯ ಅಂಗಡಿಗೆ ಚಹಾ ಕುಡಿಯಲು ಹೋಗುತ್ತೇವೆ. ಅವಸರವಿಲ್ಲದೆ ಕುಡಿಯುತ್ತೇವೆ. ಅವನು ಸಂಕೋಚದ ಮನುಷ್ಯ, ಆದಷ್ಟು ಹೊತ್ತು ತಡೆದುಕೊಳ್ಳುತ್ತಾನೆ. ಆಮೇಲೆ ತಡೆಯಲಾಗದೆ, ತಮ್ಮ ಮುಖ ನೋಡಲಾಗದೆ, ಮೆಲ್ಲಗೆ ಸಾರ್ ಅಂತ ಕರೆಯುತ್ತಾನೆ. ಆಗ ತಾವೇ ಎದ್ದು ಹೋಗಿ, ಅವನ ಪ್ಯಾಂಟಿನ ಗುಂಡಿ ಬಿಚ್ಚಿ, ಹಿಡಿದು ಕರೆದುಕೊಂಡು ಹೋಗಿ, ಮತ್ತೆ ಹಾಕಿ ಕೂರಿಸಿ. ಕೈ ತೊಳೆದುಕೊಂಡು ಬಂದು ವರದಿ ಬರೆಯಿರಿ, ಇನ್ನೊಬ್ಬರ ನೆರವು ಬೇಕೋ ಬೇಡವೋ ಅಂತ.

ಇಂತಿ,
ತಮ್ಮ ಎಡಗೆನ್ನೆಯನ್ನು ಬಾಕಿ ಉಳಿಸಿಕೊಂಡಿರುವ,
ಮೇಷ್ಟ್ರ ತಮ್ಮ