ಗದಿಗೆಮ್ಮನ ಸುದ್ದಿ ಊರಿಗೆ ಮುಟ್ಟಿಸಿದವರು

ನಾರಾಯಣಗೂಡ, ಹೈದರಾಬಾದ್
14 ಜುಲೈ 2024

ಮುದ್ದಿನ ತಂಗಿ ಮಧುರಾಳಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಬೈಯಬೇಡ. ಮೊಣಕಾಲು ನೋವು ಅಂತ ನೆಪ ಹೇಳುವುದಿಲ್ಲ, ಮನಸ್ಸೇ ಕೆಟ್ಟುಹೋಗಿತ್ತು.

ಗ್ರಂಥಾಲಯದಲ್ಲಿ ನಾನು ಗದಿಗೆಮ್ಮನಿಗೆ ಕನ್ನಡ ಓದಲು ಕಲಿಸುವುದು ನಿನಗೆ ಗೊತ್ತೇ ಇದೆ. ಕಟ್ಟಡದ ಕೆಲಸ ಮುಗಿಸಿ, ಉಗುರಿನಲ್ಲಿ ಸಿಮೆಂಟು ಇಟ್ಟುಕೊಂಡೇ ಬರುತ್ತಿದ್ದಳು. ತವರಿನ ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಎಂಬ ಕಾಗದಕ್ಕೆ ಅಣ್ಣ ಹೆಬ್ಬೆಟ್ಟು ಕೇಳುತ್ತಿದ್ದ. ದೀಪಾವಳಿಗೆ ಬರುತ್ತೇನೆ ಎಂದು ಹೇಗೋ ಮುಂದೂಡಿದ್ದಳು. ಅಷ್ಟರೊಳಗೆ ಆ ಕಾಗದ ತಾನೇ ಓದುವಂತಾಗಬೇಕು ಎಂದು ಅವಳ ಹಟ. "ನಾ ಕಲಿಯಾಕತ್ತೀನಿ ಅಂತ ಊರಾಗ ಯಾರಿಗೂ ಗೊತ್ತಾಗಬಾರದ್ರಿ ಅಕ್ಕಾರ," ಎಂದು ನನ್ನ ಕೈ ಹಿಡಿದುಕೊಂಡು ಹೇಳಿದ್ದಳು.

ಹೋದ ತಿಂಗಳು ಅಣ್ಣ ಧುತ್ತೆಂದು ಬಂದನಂತೆ. ಓದು ಕಲಿತು ನಮ್ಮ ಮೇಲೆ ಕೇಸು ಹಾಕುತ್ತೀಯಾ ಎಂದು ರೇಗಿ, ಊರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿಕೊಂಡೇ ಬಿಟ್ಟ. ಪಾಠಕ್ಕೆ ಬರಲಿಲ್ಲವಲ್ಲ ಎಂದು ಅವಳ ಶೆಡ್ಡಿಗೆ ನಾನೇ ಹೋದಾಗ ಇದೆಲ್ಲ ಹೇಳಿದಳು. ಇನ್ನು ಓದಿ ಏನು ಮಾಡಲಿ ಅಂದಳು.

ಪ್ರತಿ ಎರಡನೇ ಶನಿವಾರ ಕಲಿಸುವವರೆಲ್ಲ ಅಲ್ಲೇ ಸೇರಿ, ಚಹಾ ಕುಡಿಯುತ್ತ ನಮ್ಮ ನಮ್ಮ ತೊಂದರೆ ಹೇಳಿಕೊಳ್ಳುತ್ತೇವೆ. ಕಲಿಯುವವರ ಹೆಸರು, ಊರು ಹೇಳಕೂಡದೆಂದು ನಿಯಮ. ಹೆಸರಿಲ್ಲದೆ ಈ ಹೊಲದ ಕಥೆ ನಾನೂ ಹೇಳಿದ್ದೆ. ಅಂದಮೇಲೆ ಅಲ್ಲಿಯವರೇ ಯಾರೋ ಬಾಯಿ ಬಿಟ್ಟಿರಬೇಕಲ್ಲವೇ? ರವಿಶಂಕರ್ ಎಂಬಾತ ಮೊಬೈಲನ್ನು ಬೋರಲು ಇಟ್ಟುಕೊಂಡೇ ಕೂರುತ್ತಾನೆ, ರೆಕಾರ್ಡ್ ಮಾಡುತ್ತಾನೋ ಏನೋ ಯಾರಿಗೆ ಗೊತ್ತು. ಆದರೆ ಅವನು ತೆಲುಗು ಕಲಿಸುವವನು, ಕನ್ನಡ ಬಾರದು, ಅವಳ ಊರಿನವರಿಗೆ ಹೇಳುವುದಾದರೂ ಹೇಗೆ? ಕೂಟ ನಡೆಸುವ ಶೈಲಾ ಬೀದರಿನವಳು. ಬಿಸ್ಕೀಟು ಮುಂದೆ ಹಿಡಿದು, ಆಮೇಲೇನಾಯಿತು, ಆಮೇಲೇನಾಯಿತು ಎಂದು ಕೆದಕುತ್ತಾಳೆ. ಅವಳಿಗೆ ಅಷ್ಟೊಂದು ಕಾಳಜಿ ಯಾಕಂತೆ?

ಊರಿಗೆ ಸುದ್ದಿ ಮುಟ್ಟಿಸಿದವರು ಯಾರು ಎಂದು ನಿನ್ನೆ ಎಲ್ಲರೆದುರು ಕೇಳಿಯೇ ಬಿಟ್ಟೆ. ಶೈಲಾ ಕಪ್ಪು ಕೆಳಗಿಟ್ಟು ಮೆಲ್ಲಗೆ ಅಂದಳು: "ಬಾಯಾರ, ಆಕಿ ಊರು ಯಾವ್ದು, ತವರು ಯಾರ್ದು, ನಮಗ ಇವತ್ತಿಗೂ ಗೊತ್ತಿಲ್ರಿ. ನೀವು ಹೇಳೇ ಇಲ್ಲ."

ನಾನು ಚೀಲ ತೆಗೆದುಕೊಂಡು ಮನೆಗೆ ಬಂದೆ.

ಮಕ್ಕಳಿಗೆ ಆಶೀರ್ವಾದ, ನಿನ್ನ ಅತ್ತೆಯವರಿಗೆ ನಮಸ್ಕಾರ. ಎಲ್ಲರೂ ಸುಖವಾಗಿರಿ.

ನಿನ್ನ ಅಕ್ಕ,
ಸುಂದರಾಬಾಯಿ

ತಾ.ಕ.: ಮಧುರಾ, ಊರ ಹೆಸರನ್ನು ನಾನು ಒಬ್ಬರಿಗೇ ಹೇಳಿದ್ದು. ಮೇ ತಿಂಗಳಲ್ಲಿ ಫೋನು ಮಾಡಿ, ನಿನ್ನ ಗಂಡನ ಊರಿನವಳೇ ನನ್ನ ಹತ್ತಿರ ಕಲಿಯುತ್ತಿದ್ದಾಳೆ ಎಂದು ಹಿಗ್ಗಿನಿಂದ ನಿನಗೆ ಹೇಳಿದೆ. ಯಾರ ಮನೆಯ ಮಗಳು ಎಂದು ನೀನು ಕೇಳಿದೆ, ನಾನು ಅದನ್ನೂ ಹೇಳಿದೆ. ನೀನು ಯಾರ ಮುಂದೆ ಅಂದೆ? ಫೋನಿನಲ್ಲಿ ಕೇಳಲು ನನಗೆ ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶೆಡ್ಡಿನಲ್ಲಿ ಗದಿಗೆಮ್ಮ, "ನೀವಂತೂ ಊರಾಗ ಯಾರಿಗೂ ಹೇಳಿಲ್ಲ, ಹೌದಲ್ರಿ?" ಅಂದಳು. ನಿನಗೆ ಹೇಳಿದ್ದನ್ನು ಹೇಳಿದ್ದು ಅಂತಲೇ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಲ್ಲ ಅಂದೆ. ಅವಳು ನಂಬಿದಳು.